ನಿಗಡಿಯಲ್ಲಿ ಸಮುದ್ರ ಒಯ್ದ ಚಪ್ಪಲಿ

ಕಾಶವ್ವ ತಿಕೋಟಿ ಎಂಬ ಹೆಸರು ಕೇಳಿದವರು ಸಾಮಾನ್ಯವಾಗಿ ಒಬ್ಬ ಹಣ್ಣು ಹಣ್ಣು ಮುದುಕಿಯನ್ನು ಊಹಿಸಿಕೊಳ್ಳುತ್ತಾರೆ. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಬಾಯಲ್ಲಿ ಎಲೆಯಡಿಕೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಒದ್ದೆ ಕೈಯನ್ನು ಕುರ್ತಾಕ್ಕೆ ಒರೆಸಿಕೊಳ್ಳುತ್ತ ಬರುವ ಐವತ್ತರ ಹೆಂಗಸನ್ನು ಕಂಡಾಗ ಕಕ್ಕಾಬಿಕ್ಕಿಯಾಗುತ್ತಾರೆ. ಆಕೆ ಸಮುದ್ರದ ಅಲೆಗಳ ವಿಜ್ಞಾನಿ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ಪುಣೆಯಲ್ಲಿ ಸಮುದ್ರ ಎಲ್ಲಿಂದ ಬಂತು ಎಂದು ಎಲ್ಲರೂ ಒಂದೇ ಧಾಟಿಯಲ್ಲಿ ಕೇಳುತ್ತಾರೆ, ತಾವೇ ಮೊದಲು ಕೇಳಿದವರ ಹಾಗೆ.

ಹೆಸರು ಅಜ್ಜಿಯದು. ಪಿಎಚ್‌.ಡಿ. ಮಾಡುವಾಗ ಗೈಡು ಅದನ್ನು ‘ಕಾಶಾ’ ಎಂದು ಕತ್ತರಿಸಿಕೊಳ್ಳಲು ಸಲಹೆ ಕೊಟ್ಟಿದ್ದರು, ಪೇಪರುಗಳಲ್ಲಿ ಚೆನ್ನಾಗಿ ಕಾಣುತ್ತದೆಂದು. ಅವಳು ತಲೆಯಾಡಿಸಿ ಬಂದು ಮೊದಲ ಪೇಪರಿನ ಮೇಲೆ ಪೂರ್ತಿ ಹೆಸರನ್ನೇ ಬರೆದಳು. ಮುಂದೆ ಯಾವುದೋ ದೇಶದ ಸಭೆಯಲ್ಲಿ ‘ಡಾಕ್ಟರ್ ಕಾಶಾ’ ಎಂದು ಕರೆದಾಗ ಮೈಕಿನ ಮುಂದೆ ನಿಂತು, ನನ್ನ ಹೆಸರಿನಲ್ಲಿ ಇನ್ನರ್ಧ ಬಾಕಿ ಇದೆ, ಅದನ್ನೂ ಹೇಳಿ, ಆಮೇಲೆ ಶುರು ಮಾಡುತ್ತೇನೆ ಎಂದಿದ್ದಳು. ಹಟಮಾರಿ ಎಂಬ ಬಿರುದು ಅಲ್ಲಿಂದಲೇ ಅಂಟಿಕೊಂಡಿತು, ಇನ್ನೂ ಬಿಟ್ಟಿಲ್ಲ.

ಅಪ್ಪ ಶಿವಪುತ್ರಪ್ಪ ವಿಜಯಪುರದ ಕಡೆಯಿಂದ ಬಂದು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರಕ್ಕೆ ಕೂತವರು. ಆ ಮನೆತನದಲ್ಲಿ ಹಿಂದೆ ಮುಂದೆ ಯಾರೂ ಸಮುದ್ರದ ಸುದ್ದಿಗೆ ಹೋದವರಲ್ಲ. ಕಾಶವ್ವ ಅದನ್ನು ಮೊದಲು ಕಂಡದ್ದು ಕಾಲೇಜಿನ ಹುಡುಗಿಯರ ಜೊತೆ ಅಲಿಬಾಗಕ್ಕೆ ಹೋದಾಗ. ಎಲ್ಲರೂ ನೀರಿಗೆ ಓಡಿದರು. ಇವಳು ಬೆಲ್ಲದ ವ್ಯಾಪಾರಿಯ ಮಗಳು, ಹೊಸ ಚಪ್ಪಲಿಯನ್ನು ಸುಮ್ಮನೆ ಎಸೆದು ಓಡುವವಳಲ್ಲ. ಮರಳು ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ, ಅದಕ್ಕಿಂತ ಮಾರು ದೂರದಲ್ಲಿ, ಒಣ ಮರಳಿನ ಮೇಲೆ ಜೋಡಿಸಿ ಇಟ್ಟಳು. ಹೊರಳಿ ನೋಡುವಷ್ಟರಲ್ಲಿ ಎಲ್ಲಿಂದಲೋ ಒಂದು ಅಲೆ ಒದ್ದೆ ಗೆರೆ ದಾಟಿ ಬಂದು ಚಪ್ಪಲಿ ಎತ್ತಿಕೊಂಡು ಹೋಗಿಬಿಟ್ಟಿತು.

ಬರಿಗಾಲಲ್ಲಿ ಮನೆಗೆ ಬಂದಾಗ ಅಪ್ಪ, “ಚಪ್ಪಲಿ ಎಲ್ಲಿ?” ಎಂದರು.

“ಸಮುದ್ರ ಒಯ್ತು.”

“ಸಮುದ್ರ ಅಲ್ಲಿತನಕ ಬರ್ತದಂತ ತಿಳೀಲಿಲ್ಲೇನು ನಿನಗ?”

ತಿಳಿದಿರಲಿಲ್ಲ. ಯಾಕೆ ತಿಳಿಯಲಿಲ್ಲ ಎಂಬುದು ಅವಳ ತಲೆಯೊಳಗೆ ಕೂತುಬಿಟ್ಟಿತು. ಅಪ್ಪನ ಬೈಗುಳ ಮರುದಿನಕ್ಕೆ ಮರೆತುಹೋಯಿತು, ಈ ಪ್ರಶ್ನೆ ಮರೆಯಲಿಲ್ಲ. ಓದಿದ್ದು, ಡಾಕ್ಟರೇಟ್ ಪಡೆದದ್ದು, ಮೂರು ಕಡೆ ಕೆಲಸ ಬದಲಿಸಿದ್ದು, ಎಲ್ಲವೂ ಅದರ ಬೆನ್ನು ಹತ್ತಿಯೇ. ಕೊನೆಗೆ ಬಂದು ನಿಂತದ್ದು ಪುಣೆಯ ಅಂಚಿನ ನಿಗಡಿಯಾಚೆಗಿನ ಒಂದು ಕರಾವಳಿ ಪ್ರಯೋಗಾಲಯದಲ್ಲಿ. ಅದರ ಅಧಿಕೃತ ಹೆಸರು ಬಲು ಉದ್ದ. ಆಟೋದವರು ‘ಲಾಟಾಂಚಾ ಶೆಡ್’ ಎನ್ನುತ್ತಾರೆ, ಅಂದರೆ ಅಲೆಗಳ ಶೆಡ್ಡು.

ತಗಡಿನ ಆ ಶೆಡ್ಡಿನೊಳಗೆ ದೊಡ್ಡದೊಂದು ಸಿಮೆಂಟಿನ ತೊಟ್ಟಿ. ಒಂದು ತುದಿಯಲ್ಲಿ ಉಕ್ಕಿನ ಹಲಗೆ ಹಿಂದೆ ಮುಂದೆ ಆಡಿ ಅಲೆ ಎಬ್ಬಿಸುತ್ತದೆ. ಇನ್ನೊಂದು ತುದಿಯಲ್ಲಿ ಕಟ್ಟಬೇಕಾದ ತಡೆಗೋಡೆಯ ಪುಟ್ಟ ನಮೂನೆ. ಸಮುದ್ರದಲ್ಲಿ ಲಾರಿಯಷ್ಟು ದಪ್ಪದ ಕಲ್ಲು ಇಲ್ಲಿ ನಿಂಬೆಹಣ್ಣಿನಷ್ಟು. ಕಲ್ಲುಗಳಿಗೆ ಸಾಲಿಗೊಂದರಂತೆ ಕೆಂಪು, ಹಳದಿ, ನೀಲಿ ಬಣ್ಣ. ಅಲೆ ಹೊಡೆದ ಮೇಲೆ ಹಳದಿ ಪಟ್ಟಿಯಲ್ಲಿ ಕೆಂಪು ಕಲ್ಲು ಬಿದ್ದಿದ್ದರೆ ಗೋಡೆ ಎಲ್ಲಿ ಸಡಿಲಾಯಿತೆಂದು ಕುರುಡನಿಗೂ ಗೊತ್ತಾಗುತ್ತದೆ. ಗೋಡೆಯ ಹಿಂದೆ ಒಂದು ತಗ್ಗಾದ ಕಟ್ಟೆ. ಊರು ಇರುವುದು ಅಲ್ಲಿ ಎಂದು ಲೆಕ್ಕ.

ಈ ಗೋಡೆಗಳನ್ನು ಕಟ್ಟುವವನು ಮುನಿಸ್ವಾಮಿ. ಕೋಲಾರದಿಂದ ಬಂದು ಪುಣೆಯ ದಾಪೋಡಿಯಲ್ಲಿ ನೆಲೆ ನಿಂತ ಗಾರೆ ಕೆಲಸದವನು. ಅವನ ಕಾನೂನು ಒಂದೇ: ತೊಟ್ಟಿಯ ಹತ್ತಿರ ಚಪ್ಪಲಿ ಬೂಟು ಹಾಕಿಕೊಂಡು ಬರಬಾರದು. ಹೊರಗಿನ ಮಣ್ಣು ಬಿದ್ದರೆ ಮಾದರಿ ಕೆಡುತ್ತದೆ. ಬಂದವರೆಲ್ಲ ಪಾದರಕ್ಷೆ ಬಿಡುವುದು ಗೋಡೆಯ ಹಿಂದಿನ ಆ ಕಟ್ಟೆಯ ಮೇಲೆ, ಯಾಕೆಂದರೆ ಅಲ್ಲಿಗೆ ನೀರು ಎಂದೂ ಬಂದದ್ದಿಲ್ಲ.

ಕಾಶವ್ವ ಹತ್ತು ವರ್ಷದಿಂದ ಹೇಳುತ್ತ ಬಂದದ್ದು ಸರಳವಾದ ಮಾತು. ಅರಬ್ಬಿ ಸಮುದ್ರ ಮೊದಲಿನ ಸಮುದ್ರವಲ್ಲ. ನೀರು ಬಿಸಿಯಾಗಿದೆ, ಬಿರುಗಾಳಿಗಳು ಬೇಗ ಕೊಬ್ಬುತ್ತಿವೆ. ದಕ್ಷಿಣದ ದೂರದ ಸಾಗರದಿಂದ ಗಾಳಿಯೇ ಇಲ್ಲದೆ ಉರುಳುತ್ತ ಬರುವ ಉದ್ದನೆಯ ಅಲೆಯ ಮೇಲೆ ಬಿರುಗಾಳಿಯ ಅಲೆ ಹತ್ತಿ ಕೂತರೆ, ಹಳೆಯ ಅಂಕಿಅಂಶದಲ್ಲಿ ಇಲ್ಲದ ಅಲೆಯೊಂದು ದಡಕ್ಕೆ ಬರುತ್ತದೆ. ಅವಳ ಸಂಶೋಧನೆಯೆಲ್ಲ ಈ ಜೋಡಿ ಅಲೆಯ ಮೇಲೆಯೇ. ಜನ ಪೇಪರು ಓದಿ ಹೊಗಳಿದರು, ಹೊಗಳಿ ಕಪಾಟಿನಲ್ಲಿಟ್ಟರು. ಗೋಡೆ ಕಟ್ಟುವಾಗ ಹಳೆಯ ಅಂಕಿಅಂಶದ ಅಲೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಇದನ್ನು ನೆನೆದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಮೇ ತಿಂಗಳಲ್ಲಿ ಅಂಥದೊಂದು ಅಲೆ ಕೊಂಕಣದ ಒಂದು ಮೀನುಗಾರರ ವಾಡಿಗೆ, ಅಂದರೆ ಕೇರಿಗೆ, ನುಗ್ಗಿತು. ಜೀವಹಾನಿಯಾಗಲಿಲ್ಲ, ಅದು ಪುಣ್ಯ. ಕಾಶವ್ವ ಅಳತೆಗೆಂದು ಹೋದಾಗ ಅಂಬಾಬಾಯಿ ಎಂಬ ಹೆಂಗಸು, ವಾಡಿಯ ಪಂಚಾಯಿತಿ ಸದಸ್ಯೆ, ತನ್ನ ಅಡುಗೆಮನೆಗೆ ಕರೆದೊಯ್ದು ಗೋಡೆಯ ಮೇಲೆ ನೀರಿನ ಗುರುತು ತೋರಿಸಿದಳು. ಅವಳ ಎದೆಮಟ್ಟ ಇತ್ತು. ತಾನು ಮಾಡಿನ ತೊಲೆ ಹಿಡಿದು ನಿಂತಿದ್ದೆ ಎಂದಳು. ಆಮೇಲೆ ಮರಾಠಿಯಲ್ಲಿ ನೇರವಾಗಿ ಕೇಳಿದಳು:

“ಬಾಯಿ, ನೀವು ಸಮುದ್ರ ಓದಿದವರು. ಅದು ಮತ್ತೆ ಬರುತ್ತಾ?”

“ಬರುತ್ತದೆ.”

“ಸರಕಾರದವರು ಗೋಡೆ ಕಟ್ಟುತ್ತಾರಂತೆ. ಗೋಡೆ ತಡೆಯುತ್ತಾ?”

ಕಾಶವ್ವ ಅಳತೆ ಪಟ್ಟಿಯನ್ನು ಮತ್ತೊಮ್ಮೆ ಆ ಗುರುತಿಗೆ ಹಿಡಿದಳು. ಅಂಬಾಬಾಯಿ ಹೆಚ್ಚು ಒತ್ತಾಯಿಸದೆ ಒಣ ಸಿಗಡಿಯ ಪೊಟ್ಟಣ ಕೈಗಿಟ್ಟಳು. ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟದ ಕಾಶವ್ವ ಬೇಡವೆನ್ನಲಾರದೆ ಅದನ್ನು ತಂದು ಆಫೀಸಿನ ಕಪಾಟಿನಲ್ಲಿ ಇಟ್ಟಳು. ವಾರದೊಳಗೆ ಇಡೀ ಮಹಡಿ ಮೂಗು ಮುಚ್ಚಿಕೊಂಡಿತು. ಅವಳು ಮಾತ್ರ ಅದನ್ನು ಎಸೆಯಲಿಲ್ಲ.

ಆ ಗೋಡೆಯ ಕೆಲಸ ಇವರ ಪ್ರಯೋಗಾಲಯಕ್ಕೇ ಬಂತು. ಯಾವ ಅಲೆಗೆ ಗೋಡೆ ಕಟ್ಟಬೇಕು ಎಂಬ ವರದಿಗೆ ಕಾಶವ್ವನ ಸಹಿ ಬೇಕು. ವರದಿಯಲ್ಲಿ ಹಳೆಯ ಅಲೆಯೇ ಇತ್ತು. ಅವಳು ಅದನ್ನು ಎತ್ತಿಕೊಂಡು ಡೈರೆಕ್ಟರ್ ದೇವದಾಸರ ಕೋಣೆಗೆ ಹೋದಳು. ಅವರು ಉಡುಪಿ ಕಡೆಯವರು, ಅಪ್ಪ ಇಲ್ಲೇ ಪಿಂಪರಿಯಲ್ಲಿ ಹೋಟೆಲು ನಡೆಸಿದವರು. ಕೆಟ್ಟ ಮನುಷ್ಯರೇನಲ್ಲ. ಮೇಲಿನವರಿಗೆ ಹೆದರುವುದು, ಕೆಳಗಿನವರಿಗೆ ಚಹ ಕೊಡಿಸುವುದು, ಎರಡನ್ನೂ ಮನಃಪೂರ್ವಕ ಮಾಡುತ್ತಿದ್ದರು.

“ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ,” ಎಂದರು ದೇವದಾಸ್. “ಆದ್ರೆ ಆ ಅಲೆ ಬಂದದ್ದು ಒಂದು ಸಲ. ಅಲೆ ಸ್ವಲ್ಪ ಎತ್ತರ ಹಿಡಿದ್ರೆ ಕಲ್ಲಿನ ತೂಕ ದುಪ್ಪಟ್ಟು ಆಗ್ತದೆ. ಅಂಥ ಕಲ್ಲು ಎಲ್ಲುಂಟು? ಮೇಲಿನವರಿಗೆ ನಾನು ಎಂತ ಹೇಳುವುದು?”

“ಸಮುದ್ರ ಬದಲಾಗೇದ ಅಂತ ಹೇಳ್ರಿ ಸರ್. ಹಿಂದಿನ ಮೂವತ್ತು ವರ್ಷದ ಅಲಿ ಇಟ್ಕೊಂಡು ಮುಂದಿನ ಐವತ್ತು ವರ್ಷದ ಗ್ವಾಡಿ ಕಟ್ಟತೀರೇನು? ಸತ್ತ ಸಮುದ್ರಕ್ಕ ಗ್ವಾಡಿ ಕಟ್ಟಿಧಂಗ ಆಗ್ತದ. ನಾ ಸಹಿ ಮಾಡಂಗಿಲ್ರಿ.”

“ಮಾಡದಿದ್ರೆ ನಿಮ್ಮನ್ನು ತರಬೇತಿ ವಿಭಾಗಕ್ಕೆ ಹಾಕಲಿಕ್ಕೆ ಹೇಳ್ತಾರೆ. ಸಹಿ ಬೇರೆಯವರು ಮಾಡ್ತಾರೆ. ಗೋಡೆ ಅದೇ ಗೋಡೆ.”

“ಹಂಗಾರ ತೊಟ್ಟಿಯೊಳಗ ನೋಡೇ ಬಿಡೋಣ್ರಿ. ನಿಮ್ಮ ಗ್ವಾಡಿ, ನನ್ನ ಅಲಿ. ಗ್ವಾಡಿ ನಿಂತ್ರ ಅಲ್ಲೇ ನಿಂತು ಸಹಿ ಮಾಡ್ತೀನಿ. ಬಿದ್ರ ನೀವು ನನ್ನ ಅಲಿ ಒಪ್ಕೋಬೇಕು.”

ದೇವದಾಸ್ ಇಬ್ಬರಿಗೂ ಚಹ ಹೇಳಿ ಒಪ್ಪಿದರು. ಬಂದರು ಇಲಾಖೆಯವರನ್ನೂ ವಾಡಿಯ ಪ್ರತಿನಿಧಿಯನ್ನೂ ಕರೆಸುವುದೆಂದಾಯಿತು. ಕಾಶವ್ವ ನೇರ ಶೆಡ್ಡಿಗೆ ಹೋಗಿ, “ಮುನಿಸ್ವಾಮಿ, ದೊಡ್ಡ ದೊಡ್ಡ ಮಂದಿ ಬರ್ತಾರ. ಗ್ವಾಡಿ ಭಾಳ ಚಂದ ಕಟ್ರಿ,” ಎಂದಳು. ಎಡವಟ್ಟಾದದ್ದು ಇಲ್ಲಿ.

ಆ ದಿನ ಬೆಳಿಗ್ಗೆ ಇಲಾಖೆಯ ಎಂಜಿನಿಯರುಗಳು ಬಂದರು, ಕಟ್ಟೆಯ ಮೇಲೆ ಹೊಳೆಯುವ ಬೂಟುಗಳ ಸಾಲು ನಿಂತಿತು. ದೇವದಾಸರ ಕಂದು ಬೂಟು ಎಲ್ಲಕ್ಕಿಂತ ಮುಂದೆ. ಪಕ್ಕದಲ್ಲೇ ಕಾಶವ್ವನ ಚಪ್ಪಲಿ. ಅಂಬಾಬಾಯಿ ರಾತ್ರಿ ಬಸ್ಸಿನಲ್ಲಿ ಬಂದವಳು, ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು ನಿಂತಿದ್ದಳು. ಅವಳು ತನ್ನ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು. ಅಲ್ಲೇ ಬಿಡಿ ಬಾಯಿ ಎಂದರೆ, “ಬೇಡ, ಪುಣೆಯಲ್ಲಿ ಚಪ್ಪಲಿ ಕದಿಯುತ್ತಾರಂತೆ,” ಎಂದಳು. ಎಂಜಿನಿಯರುಗಳು ನಕ್ಕರು.

ಕಾಶವ್ವ ಗುಂಡಿ ಒತ್ತಿದಳು. ಉಕ್ಕಿನ ಹಲಗೆ ಮುಲುಗುತ್ತ ಎದ್ದಿತು. ಅವಳ ಜೋಡಿ ಅಲೆ ತೊಟ್ಟಿಯುದ್ದಕ್ಕೂ ಬೆನ್ನು ಉಬ್ಬಿಸಿಕೊಂಡು ಬಂದು ಗೋಡೆಗೆ ಅಪ್ಪಳಿಸಿತು. ಮತ್ತೊಂದು. ಮತ್ತೊಂದು. ಬಹಳ ಹೊತ್ತು ಹೊಡೆದರೂ ಗೋಡೆ ಜಗ್ಗಲಿಲ್ಲ. ಕೆಂಪು ಕೆಂಪಿನಲ್ಲೇ, ಹಳದಿ ಹಳದಿಯಲ್ಲೇ. ಬೂಟುಗಳ ಮೇಲೆ ಒಂದು ಹನಿಯೂ ಬೀಳಲಿಲ್ಲ.

“ಆಯ್ತಲ್ಲ ಮೇಡಂ,” ಎಂದರು ದೇವದಾಸ್ ಮೆಲ್ಲಗೆ. ಹಿರಿಹಿರಿ ಹಿಗ್ಗಲಿಲ್ಲ, ಅದು ಅವರ ದೊಡ್ಡತನ. “ಊಟ ಮಾಡಿ ಬಂದು ಸಹಿ ಮಾಡುವ. ಎಲ್ಲರಿಗೂ ಊಟ ಹೇಳಿದ್ದೇನೆ.”

ಎಲ್ಲರೂ ಊಟಕ್ಕೆ ಎದ್ದರು. ಎಂಜಿನಿಯರುಗಳು ಗಡಿಯಾರ ನೋಡಿಕೊಂಡರು. ಅಂಬಾಬಾಯಿ ಮಾತ್ರ ಕಾಶವ್ವನ ಮುಖ ನೋಡಿದಳು. ಕಾಶವ್ವ ಆ ನೋಟ ತಪ್ಪಿಸಿ ಗೋಡೆಯ ಕಡೆ ತಿರುಗಿದಳು. ಹತ್ತು ವರ್ಷದ ಲೆಕ್ಕ ತಪ್ಪಿತೇ? ತಪ್ಪಿದ್ದರೆ ಸಹಿ ಮಾಡಬೇಕು, ಅದು ನ್ಯಾಯ. ಆದರೆ ಅಡುಗೆಮನೆಯ ಗೋಡೆಯ ಮೇಲಿನ ಎದೆಮಟ್ಟದ ಗುರುತು ಸುಳ್ಳಾಗಿರಲಿಲ್ಲ.

ನೀರು ಇಳಿಸಿದ ತೊಟ್ಟಿಗೆ ಇಳಿದು ಅವಳು ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಂದು ಕೆಂಪು ಕಲ್ಲನ್ನು ಎರಡು ಬೆರಳಿಂದ ಹಿಡಿದು ಎಳೆದಳು. ಬರಲಿಲ್ಲ. ಇನ್ನೊಂದನ್ನು ಎಳೆದಳು. ಅದೂ ಬರಲಿಲ್ಲ. ಕಣ್ಣು ಹತ್ತಿರ ತಂದು ನೋಡಿದಾಗ ಕಲ್ಲು ಕಲ್ಲಿನ ನಡುವೆ ಸಣ್ಣ ಸಣ್ಣ ಚಕ್ಕೆಗಳನ್ನು ಕೂರಿಸಿದ್ದು ಕಂಡಿತು.

ಹಿಂದೆ ಮುನಿಸ್ವಾಮಿ ನಿಂತಿದ್ದ, ಮುಖ ಅರಳಿತ್ತು. “ನೋಡಿದ್ರಾ ಮೇಡಂ? ಒಂದೂ ಅಲ್ಲಾಡ್ಲಿಲ್ಲ!”

“ಇದೇನ್ರಿ ಚಕ್ಕಿ?”

“ನೀವು ದೊಡ್ಡ ಅಲೆ ಬಿಡ್ತೀರಿ ಅಂತ ಗೊತ್ತಿತ್ತಲ್ಲ. ಅಷ್ಟು ಜನರ ಮುಂದೆ ಗೋಡೆ ಬಿದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಅದಕ್ಕೇ ಒಂದೊಂದು ಕಲ್ಲೂ ತಿರುಗಿಸಿ ತಿರುಗಿಸಿ, ಕೂರೋ ಮುಖ ನೋಡಿ ಕೂರಿಸಿದೆ. ಚಂದ ಕಟ್ಟಿ ಅಂದ್ರಲ್ಲ ನೀವು!”

ಅಂದಿದ್ದಳು. ಅಂದವಳು ಅವಳೇ. ಸಮುದ್ರದಲ್ಲಿ ಕ್ರೇನು ಕಲ್ಲನ್ನು ಎತ್ತಿ ನೀರಿಗೆ ಬಿಡುತ್ತದೆ, ಅದು ಹೇಗೆ ಬಿತ್ತೋ ಹಾಗೆ ಕೂರುತ್ತದೆ. ಅಲ್ಲಿ ಕೂರುವ ಮುಖ ಹುಡುಕುವ ಮುನಿಸ್ವಾಮಿ ಇರುವುದಿಲ್ಲ. ಇಲ್ಲಿ ತಡೆದು ನಿಂತದ್ದು ದೇವದಾಸರ ಗೋಡೆಯಲ್ಲ, ಮುನಿಸ್ವಾಮಿಯ ಪ್ರೀತಿ. ಅವಳಿಗೆ ನಗು ಬಂತು, ಅಳುವೂ ಬಂತು. ಅವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಅವಳು ಎದ್ದು, ಬೂಟು ಹಾಕಿಕೊಂಡು ಹೊರಡುತ್ತಿದ್ದವರನ್ನೆಲ್ಲ ಕೂಗಿ ನಿಲ್ಲಿಸಿದಳು. ಈ ಪ್ರಯೋಗ ಲೆಕ್ಕಕ್ಕಿಲ್ಲ, ಕಲ್ಲನ್ನು ಕೈಯಿಂದ ಹೆಣೆಯಲಾಗಿದೆ, ಹಾಗೆ ಮಾಡಲು ಹೇಳಿದ್ದು ನಾನೇ, ತಪ್ಪು ನನ್ನದೇ, ಇನ್ನೊಮ್ಮೆ ಕಟ್ಟಿ ತೋರಿಸುತ್ತೇನೆ ಎಂದಳು. ಹಿರಿಯ ಎಂಜಿನಿಯರೊಬ್ಬರು ಮುಗುಳ್ನಕ್ಕು, ಸೋತ ಮೇಲೆ ಆಟದ ನಿಯಮ ಬದಲಿಸುವುದು ಮಕ್ಕಳಾಟವಾಯಿತಲ್ಲ ಎಂದರು. ದೇವದಾಸರ ಕಿವಿ ಕೆಂಪಾದವು. ಅವರು ಅವಳ ಹತ್ತಿರ ಬಂದು ಕನ್ನಡದಲ್ಲಿ ಪಿಸುಗುಟ್ಟಿದರು.

“ಸಾಕು ಮಾಡಿ ಮಾರಾಯ್ರೆ. ಮಾತು ಮಾತೇ ಅಲ್ವಾ? ನನ್ನ ಮರ್ಯಾದೆ ತೆಗೀಬೇಡಿ. ಇದು ಆಜ್ಞೆ ಅಂತ ತಿಳ್ಕೊಳ್ಳಿ.”

“ತಿಳ್ಕೊಂಡೆ. ಮೀರೀನಿ ಅಂತ ಬರ್ಕೋರಿ.”

ಅಷ್ಟು ಹೇಳಿ ತೊಟ್ಟಿಗೆ ಇಳಿದು ಬರಿಗಾಲಿಂದ ಗೋಡೆಗೆ ಒಂದು ಒದೆ ಕೊಟ್ಟಳು. ಗೋಡೆ ಜಗ್ಗಲಿಲ್ಲ, ಹೆಬ್ಬೆರಳಿಗೆ ನೋವಾಯಿತು. ಕೂತು ಕಲ್ಲುಗಳನ್ನು ಒಂದೊಂದಾಗಿ ಕಿತ್ತು ಹಾಕತೊಡಗಿದಳು. ಕೀಳುತ್ತ ಕೀಳುತ್ತ ಎಷ್ಟೋ ವರ್ಷದ ಸಿಟ್ಟು ಕೈಗೆ ಇಳಿದು ಬಂತು. ಕಪಾಟಿಗೆ ಹೋದ ಪೇಪರುಗಳ ಸಿಟ್ಟು, ಅರ್ಧ ಹೆಸರಿನ ಸಿಟ್ಟು, ಪುಣೆಯಲ್ಲೆಲ್ಲಿ ಸಮುದ್ರ ಎಂದು ನಕ್ಕವರ ಸಿಟ್ಟು.

ಮುನಿಸ್ವಾಮಿ ದಡದಲ್ಲಿ ಕಲ್ಲಾಗಿ ನಿಂತಿದ್ದ. ಅವನ ಕಣ್ಣು ತುಂಬಿದ್ದವು. ಕಾಶವ್ವ ತಲೆ ಎತ್ತಿದಳು. “ಮುನಿಸ್ವಾಮಿ, ನಿಮ್ಮ ಕೆಲಸ ಕೆಟ್ಟದ್ದಲ್ರಿ. ಇಷ್ಟು ಚಂದ ಗ್ವಾಡಿ ಆ ವಾಡಿಗೆ ಯಾರೂ ಕಟ್ಟಂಗಿಲ್ಲ, ಅದಕ್ಕ ಕೀಳ್ತೀನಿ. ನನ್ನ ಮರ್ಯಾದಿ ಹೋಗ್ಲಿ ಬಿಡ್ರಿ. ಆಕಿ ಮನಿ ನೆನಸ್ಕೋರಿ,” ಎಂದು ಅಂಬಾಬಾಯಿಯ ಕಡೆ ಕೈ ಮಾಡಿದಳು.

ಮುನಿಸ್ವಾಮಿ ಮೂಗು ಒರೆಸಿಕೊಂಡ. ಬುಟ್ಟಿ ಎತ್ತಿಕೊಂಡು ಕೆಳಗಿಳಿದ. ಕಲ್ಲನ್ನು ಸುರಿಯಲು ಹೋದರೆ ಅವನ ಕೈ ತಾನಾಗಿ ಬಗ್ಗಿ ಅದನ್ನು ಜೋಡಿಸಲು ಹೋಗುತ್ತಿತ್ತು. “ನನ್ನ ಕೈಲಿ ಹೀಗೆ ಎಸೆಯಕ್ಕಾಗಲ್ಲ ಮೇಡಂ,” ಎಂದು ಬುಟ್ಟಿ ಕೆಳಗಿಟ್ಟ. ಆಗ ಅಂಬಾಬಾಯಿ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಟ್ಟಿಗೆ ಇಳಿದಳು. ಒಬ್ಬಳು ಬಣ್ಣ ನೋಡಿ ಬುಟ್ಟಿ ತುಂಬಿದಳು, ಒಬ್ಬಳು ಸಾಲಿನಂತೆ ಸುರಿದಳು. ಕನ್ನಡ ಮರಾಠಿ ಕಲಸಿ ಮಾತಾಡುತ್ತ ಇಬ್ಬರೂ ಬೆವರಿದರು. ಎಂಜಿನಿಯರುಗಳು ಪಿಠಲೆ ಭಾಕರಿಯ ಊಟ ಮುಗಿಸಿ ಬಂದು ಬೂಟುಗಳನ್ನು ಮತ್ತೆ ಕಟ್ಟೆಯ ಮೇಲೆ ಬಿಡುವ ಹೊತ್ತಿಗೆ ಗೋಡೆ ಎದ್ದಿತ್ತು. ಮುನಿಸ್ವಾಮಿ ಮರದ ಅಚ್ಚು ಹಿಡಿದು ಇಳಿಜಾರು ಅಳೆದ. ನಕ್ಷೆಯಲ್ಲಿ ಇದ್ದಷ್ಟೇ ಇತ್ತು, ಒಂದು ಕಲ್ಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿರಿಯ ಎಂಜಿನಿಯರು ತಾವೂ ಅಳೆದು ನೋಡಿ ಸರಿಯಿದೆ ಎಂದರು.

“ಮೊದಲ ನಿಮ್ಮ ಅಲಿ ಬಿಡ್ತೀನ್ರಿ ಸರ್,” ಎಂದಳು ಕಾಶವ್ವ. “ಬೇಕಂತನ ಸಡಲ ಕಟ್ಯಾಳ ಅಂತ ಯಾರೂ ಅನಬಾರದು.”

ಹಳೆಯ ಅಲೆ ಬಂತು. ಗೋಡೆ ಅದನ್ನು ತಾಳಿಕೊಂಡಿತು. ಎರಡು ಕೆಂಪು ಕಲ್ಲು ಸ್ವಲ್ಪ ಹೊರಳಿದವು, ಅಷ್ಟೇ. ದೇವದಾಸರು ಉಸಿರು ಬಿಟ್ಟರು.

ಆಮೇಲೆ ಅವಳು ತನ್ನ ಅಲೆ ಬಿಟ್ಟಳು.

ಮೊದಲ ಹೊಡೆತಕ್ಕೆ ಕೆಂಪು ಸಾಲು ಸಡಿಲಾಯಿತು. ಮುಂದಿನದಕ್ಕೆ ಹಳದಿಯ ಮೇಲೆ ಉರುಳಿತು. ಅದರ ಹಿಂದೆ ಬಂದದ್ದು ನೀಲಿಯನ್ನೂ ಎಳೆದುಕೊಂಡು ಹೋಯಿತು, ಗೋಡೆ ನಡುವೆ ಬಾಯಿ ತೆರೆಯಿತು. ತಗಡಿನ ಕೆಳಗೆ ಕಲ್ಲುಗಳ ಲಟಲಟ ಸದ್ದು ಮಾತ್ರ. ಆ ಬಾಯಿಯಿಂದ ನೀರು ನುಗ್ಗಿ ಹಿಂದಿನ ಕಟ್ಟೆಯ ಮೇಲೆ ಹರಿಯಿತು, ಊರು ಇದೆ ಎಂದು ಲೆಕ್ಕವಿದ್ದ ಕಟ್ಟೆಯ ಮೇಲೆ.

“ಅಯ್ಯೋ, ಬೂಟು!” ಎಂದು ಯಾರೋ ಕೂಗಿದರು.

ಬೂಟುಗಳು ಹೊರಟಿದ್ದವು. ಕಂದು ಬೂಟು, ಕಪ್ಪು ಬೂಟು, ಅವುಗಳಲ್ಲಿದ್ದ ಕಾಲುಚೀಲಗಳು, ಎಲ್ಲಾ ಒಂದನ್ನೊಂದು ನೂಕುತ್ತ ಕಟ್ಟೆಯಿಂದ ಜಾರಿ ಚರಂಡಿಯ ಕಡೆ ಸಾಗಿದವು. ಇಲಾಖೆಯ ದೊಡ್ಡ ಮನುಷ್ಯರು ಪ್ಯಾಂಟು ಎತ್ತಿಕೊಂಡು ಅವುಗಳ ಹಿಂದೆ ಓಡಿದರು. ಕಾಶವ್ವನ ಎರಡೂ ಚಪ್ಪಲಿ ಎಲ್ಲಕ್ಕಿಂತ ಮುಂದೆ ಹೋಗಿ ಚರಂಡಿಯ ಬಾಯಲ್ಲಿ ಮಾಯವಾದವು. ಅಂಬಾಬಾಯಿ ಸೊಂಟದ ಚೀಲವನ್ನು ಗಟ್ಟಿಯಾಗಿ ಒತ್ತಿ ಹಿಡಿದು ನಿಂತಿದ್ದಳು.

ದೇವದಾಸ್ ಒಂದು ಬೂಟು ಹಿಡಿದು ಅದರೊಳಗಿನ ನೀರು ಚೆಲ್ಲಿದರು. ಚೆಲ್ಲಿ, ಗೋಡೆಯ ಹರಿದ ಬಾಯಿಯನ್ನು ನೋಡುತ್ತ ನಿಂತರು. ಕಡಲ ಮಗ್ಗುಲಲ್ಲಿ ಹುಟ್ಟಿದವರು, ಅವರಿಗೆ ಏನು ನೆನಪಾಯಿತೋ.

“ಮೇಡಂ, ಇಲ್ಲಿಗೆ ನೀರು ಬರ್ತದೆ ಅಂತ ನಾನು ಎಣಿಸಲೇ ಇಲ್ಲ.”

“ಎಣಿಸಿದ್ರ ಬೂಟು ಅಲ್ಲಿ ಬಿಡ್ತಿದ್ದಿಲ್ರಿ ಸರ್. ಆ ವಾಡಿಯವರು ಅಂಥ ಜಾಗಾದಾಗ ಮನೀನ ಇಟ್ಟಾರ.”

“ಅಂಥ ಅಲೆ ಇನ್ನು ಎಷ್ಟು ಸಲ ಬಂದೀತು?”

“ಒಂದ ಸಲ ಸಾಕಲ್ರಿ.”

ಅವರು ಒದ್ದೆ ಬೂಟಿಗೆ ಕಾಲು ತೂರಿಸಿದರು. “ನಿಮ್ಮ ಅಲೆಯನ್ನೇ ಬರೆಯಿರಿ. ಬೈಗುಳ ನಾನು ತಿಂತೇನೆ,” ಎಂದು ಪಚಕ್ ಪಚಕ್ ಸದ್ದು ಮಾಡುತ್ತ ಎಂಜಿನಿಯರುಗಳ ಕಡೆ ನಡೆದರು. ಅವರೊಡನೆ ವಾದ ಶುರುವಾದದ್ದು ಸಂಜೆಯವರೆಗೂ ಮುಗಿಯಲಿಲ್ಲ. ಆದರೆ ಈ ಸಲ ದೇವದಾಸರ ದನಿಯೂ ಏರಿತ್ತು.

ಹೊರಡುವಾಗ ಅಂಬಾಬಾಯಿ ಚೀಲದಿಂದ ಚಪ್ಪಲಿ ತೆಗೆದು ಹಾಕಿಕೊಂಡಳು. ಎಲ್ಲರ ಪೈಕಿ ಒದ್ದೆಯಾಗದೆ ಉಳಿದದ್ದು ಅವಳದ್ದೊಂದೇ. ಕಾಶವ್ವನ ಬರಿಗಾಲು ನೋಡಿ, “ನನ್ನದು ತಗೋತೀರಾ?” ಎಂದಳು. ಕಾಶವ್ವ ಬೇಡವೆಂದು ಅವಳ ಕೈ ಹಿಡಿದುಕೊಂಡಳು. “ನೀವು ಆವತ್ತು ಕೇಳಿದಿರಲ್ಲ, ಗೋಡೆ ತಡೆಯುತ್ತಾ ಅಂತ. ಇನ್ನು ಮೇಲೆ ಕಟ್ಟುವ ಗೋಡೆ ತಡೆಯುತ್ತದೆ. ಬೇರೆ ಯಾವುದನ್ನೂ ನಾನು ಕಟ್ಟಗೊಡುವುದಿಲ್ಲ.” ಅಷ್ಟು ಹೇಳಿದ ಮೇಲೆ ಅವಳಿಗೆ ಹಗುರಾಯಿತು.

ಸಂಜೆ ಮನೆಯ ಬಾಗಿಲು ತೆಗೆದ ಗಂಡ ಶಿವಪ್ರಕಾಶನ ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಅವನು ಹೆಂಡತಿಯ ಒದ್ದೆ ಪ್ಯಾಂಟು ನೋಡಿದ, ಊದಿದ ಹೆಬ್ಬೆರಳು ನೋಡಿದ.

“ಚಪ್ಪಲಿ ಎಲ್ಲಿ ಹೋದ್ವು?”

“ಸಮುದ್ರ ಒಯ್ತು.”

“ಸಮುದ್ರ? ನಿಗಡ್ಯಾಗ?”

“ಹೌದ್ರಿ, ನಿಗಡ್ಯಾಗ,” ಎಂದು ಕಾಶವ್ವ ತಿಕೋಟಿ ಒಳಗೆ ಬಂದು, ಕಾಲು ಚಾಚಿ ಕೂತು, ಬಿಸಿ ರೊಟ್ಟಿಗೆ ಕೈ ಚಾಚಿದಳು.